ಮೈಸೂರು ಭೂಪಟದ ಹಿಂದಿದ್ದ ಪಂಡಿತರು

ಭೂಪಟಗಳ ಚರಿತ್ರೆ ಇಂದು ಸ್ವತಂತ್ರವಾದ ಒಂದು ಅಧ್ಯಯನಶಾಖೆಯಾಗಿ ಬೆಳೆದಿದೆ. ಹಳೆಯ ನಕ್ಷೆಯೊಂದು ನೆಲದ ಸ್ಥಿತಿಯನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬ ಒಂದೇ ಪ್ರಶ್ನೆಯಿಂದ ಈ ಶಾಸ್ತ್ರ ತೃಪ್ತವಾಗುವುದಿಲ್ಲ. ಅದನ್ನು ಬರೆಯಿಸಿದವರು ಯಾರು, ಬರೆದವರು ಯಾರು, ಯಾವುದನ್ನು ಸೇರಿಸಿದರು, ಯಾವುದನ್ನು ಕೈಬಿಟ್ಟರು, ಊರುಗಳ ಹೆಸರನ್ನು ಯಾರ ಬಾಯಿಂದ ಕೇಳಿ ಬರೆದುಕೊಂಡರು ಎಂಬ ಪ್ರಶ್ನೆಗಳನ್ನೂ ಅದು ಎತ್ತುತ್ತದೆ. ಈ ಬಗೆಯ ಆಲೋಚನೆಗೆ ಬಲ ತಂದವರಲ್ಲಿ ಇಂಗ್ಲೆಂಡಿನ ಭೂಗೋಳ ವಿದ್ವಾಂಸ ಬ್ರಯಾನ್ ಹಾರ್ಲಿ ಪ್ರಮುಖರು. ನಕ್ಷೆಯಲ್ಲಿ ಕಾಣುವ ಗೆರೆಗಳಷ್ಟೇ ಅದರಲ್ಲಿ ಕಾಣದ ಮೌನಗಳೂ ಅರ್ಥವುಳ್ಳವು ಎಂಬುದು ಅವರ ನಿಲುವು. ಹಾರ್ಲಿ ಮತ್ತು ಡೇವಿಡ್ ವುಡ್‌ವರ್ಡ್ ಸೇರಿ ಆರಂಭಿಸಿದ ಭೂಪಟ ಚರಿತ್ರೆಯ ಬೃಹತ್ ಸಂಪುಟಮಾಲೆಯ ಮೊದಲ ಸಂಪುಟ 1987ರಲ್ಲಿ ಬಂದಿತು. 1992ರಲ್ಲಿ ಬಂದ ಮತ್ತೊಂದು ಸಂಪುಟದಲ್ಲಿ ಜೋಸೆಫ್ ಶ್ವಾರ್ಟ್ಸ್‌ಬರ್ಗ್ ಭಾರತದ ನಕ್ಷೆಗಳನ್ನು ಕುರಿತು ವಿಸ್ತಾರವಾಗಿ ಬರೆದರು. ಭಾರತೀಯರಿಗೆ ನಕ್ಷೆಯ ಕಲ್ಪನೆಯೇ ಇರಲಿಲ್ಲವೆಂಬ ಹಳೆಯ ಮಾತು ಅದರಿಂದ ಬಹುಮಟ್ಟಿಗೆ ದುರ್ಬಲವಾಯಿತು.

ಈ ಶಾಸ್ತ್ರ ಬೆಳೆಯಲು ಪುಸ್ತಕಗಳಷ್ಟೇ ನೆರವಾದದ್ದು ನಿವಾಸಿ ಸಂಶೋಧನ ವೃತ್ತಿಗಳು. 1991ರಲ್ಲಿ ಹಾರ್ಲಿ ತೀರಿಕೊಂಡ ಬಳಿಕ ಅವರ ಹೆಸರಿನಲ್ಲಿ ಸ್ಥಾಪಿತವಾದ ಫೆಲೋಶಿಪ್, ಹೊರಗಿನ ವಿದ್ವಾಂಸರು ಕೆಲವು ವಾರ ಬ್ರಿಟನ್ನಿನಲ್ಲಿ ನೆಲೆಸಿ ಅಲ್ಲಿಯ ನಕ್ಷೆಭಂಡಾರಗಳನ್ನು ನೋಡಲು ನೆರವಾಗುತ್ತದೆ. ಅಮೆರಿಕದ ಪ್ರಾವಿಡೆನ್ಸ್ ನಗರದ ಜಾನ್ ಕಾರ್ಟರ್ ಬ್ರೌನ್ ಗ್ರಂಥಾಲಯದಲ್ಲಿ, ಒಮ್ಮೆ ಅಲ್ಲಿಯ ನಕ್ಷೆಗಳ ಪಾಲಕಿಯಾಗಿದ್ದ ಜೆನೆಟ್ ಬ್ಲ್ಯಾಕ್ ಅವರ ಸ್ಮರಣೆಯಲ್ಲಿ ಇಂಥದೇ ವೃತ್ತಿಯೊಂದಿದೆ. ಷಿಕಾಗೋದ ನ್ಯೂಬೆರಿ ಗ್ರಂಥಾಲಯದಲ್ಲಿ 1971ರಿಂದ ಭೂಪಟ ಚರಿತ್ರೆಗೇ ಮೀಸಲಾದ ಕೇಂದ್ರವಿದೆ. ಇವುಗಳ ಹಿಂದಿನ ತತ್ತ್ವ ಸರಳವಾದುದು. ನಕ್ಷೆಯನ್ನು ಒಂದು ಮಧ್ಯಾಹ್ನದಲ್ಲಿ ನೋಡಿ ಮುಗಿಸಲಾಗುವುದಿಲ್ಲ. ಅದರ ಜೊತೆಗೆ ಬಂದ ಕ್ಷೇತ್ರ ಟಿಪ್ಪಣಿ, ಪತ್ರ, ಲೆಕ್ಕದ ಕಡತ, ಕರಡು ಚಿತ್ರ ಇವೆಲ್ಲವನ್ನೂ ಪಕ್ಕದಲ್ಲಿಟ್ಟುಕೊಂಡು, ಅವುಗಳ ನಡುವೆಯೇ ಕೆಲಕಾಲ ಬದುಕಬೇಕು.

ಹೀಗೆ ಪಂಡಿತರು ನಕ್ಷೆಯ ಜೊತೆಯಲ್ಲಿ ಬದುಕಿದ ನಿದರ್ಶನವೊಂದು ಕನ್ನಡ ನಾಡಿನಲ್ಲಿಯೇ ಎರಡು ಶತಮಾನಗಳ ಹಿಂದೆ ಇತ್ತು. ಅದು 1800ರಲ್ಲಿ ಆರಂಭವಾಗಿ ಸುಮಾರು ಒಂದು ದಶಕ ನಡೆದ ಮೈಸೂರು ಸರ್ವೇಕ್ಷಣೆ. ಅದರ ನಾಯಕನಾದ ಕಾಲಿನ್ ಮೆಕೆಂಜಿಯ ಹೆಸರು ಎಲ್ಲರಿಗೂ ತಿಳಿದಿದೆ. ಅವನ ಶಿಬಿರದಲ್ಲಿ ಸಂಬಳಕ್ಕಿದ್ದು, ಶಾಸನ ಓದಿ, ಕೈಫಿಯತ್ತು ಬರೆಸಿ, ಊರೂರಿನ ಹೆಸರನ್ನು ಸರಿಯಾಗಿ ಹೇಳಿದ ದೇಶೀಯ ವಿದ್ವಾಂಸರು ಮಾತ್ರ ಭೂಪಟ ಚರಿತ್ರೆಯಲ್ಲಿ ಇಂದಿಗೂ ‘ಸಹಾಯಕರು’ ಎಂಬ ಒಂದೇ ಪದದಡಿ ಮರೆಯಾಗಿದ್ದಾರೆ. ಅವರಲ್ಲಿ ಜೈನ ಪಂಡಿತರ ಪಾತ್ರ ಹಿರಿದಾದುದು. ಅವರ ಓದಿಲ್ಲದೆ ಮೈಸೂರಿನ ನಕ್ಷೆ ಅರ್ಧವೇ ಆಗಿರುತ್ತಿತ್ತು.

ಗೆರೆಯಿಲ್ಲದ ನಕ್ಷೆಗಳು

ಸರ್ವೇಕ್ಷಣೆಯ ಕಂಬ ನೆಡುವ ಮುಂಚೆ ಈ ನೆಲ ಬರೆಯದೆ ಉಳಿದದ್ದೇನೂ ಅಲ್ಲ. ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಎಲ್ಲೆಯನ್ನು ಎರಡು ನದಿಗಳಿಂದ ಗುರುತಿಸುತ್ತದೆ. ಅಷ್ಟಕ್ಕೆ ನಿಲ್ಲದೆ, ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಿನ ಪ್ರದೇಶವನ್ನು ತಿರುಳ್ಗನ್ನಡದ ನೆಲೆಯೆಂದು ಹೇಳುತ್ತದೆ. ಹೊರ ಎಲ್ಲೆ, ಒಳ ತಿರುಳು ಎಂಬ ಈ ಎರಡು ವಲಯಗಳ ಕಲ್ಪನೆ ಭೂಪಟದ ಕಲ್ಪನೆಯೇ ಹೌದು. ಕಾಗದದ ಮೇಲೆ ಗೆರೆ ಬಿದ್ದಿಲ್ಲ ಎಂಬುದಷ್ಟೇ ವ್ಯತ್ಯಾಸ.

ಶಾಸನಗಳು ಇದನ್ನು ಇನ್ನೂ ಸೂಕ್ಷ್ಮವಾಗಿ ಮಾಡಿದವು. ದತ್ತಿಯ ಭೂಮಿಯ ಚತುಸ್ಸೀಮೆಯನ್ನು ಹೇಳುವಾಗ ಶಾಸನಕವಿ ಮೂಡಣ ದಿಕ್ಕಿನಿಂದ ಹೊರಟು ಕೆರೆಯ ಕೋಡಿ, ಹುತ್ತ, ಹಳ್ಳ, ಮರ, ನೆಟ್ಟ ಕಲ್ಲುಗಳನ್ನು ಒಂದೊಂದಾಗಿ ಹೆಸರಿಸುತ್ತ ಸುತ್ತಿ ಬರುತ್ತಾನೆ. ಓದುವವನು ಆ ದಾರಿಯಲ್ಲಿ ನಡೆದರೆ ಹೊಲದ ಆಕಾರ ತಾನಾಗಿಯೇ ಮೂಡುತ್ತದೆ. ಮತ್ತರು, ಕಂಬ ಎಂಬ ಅಳತೆಗಳು, ಅಳೆಯುವ ಗಳೆ ಕೋಲುಗಳು, ಬಿತ್ತುವ ಬೀಜದ ಪ್ರಮಾಣದಿಂದ ನೆಲವನ್ನು ಎಣಿಸುವ ಖಂಡುಗ, ಕೊಳಗಗಳು ಆಯಾ ಪ್ರದೇಶದ ಬಳಕೆಗೆ ತಕ್ಕಂತೆ ಇದ್ದವು. ಎಲ್ಲೆಗಲ್ಲಿನ ಮೇಲಿನ ಚಿಹ್ನೆಯೂ ಒಂದು ಭಾಷೆಯೇ ಆಗಿತ್ತು. ಲಿಂಗಮುದ್ರೆಯ ಕಲ್ಲು ಶಿವಾಲಯದ ಭೂಮಿಯನ್ನೂ, ವಾಮನಮುದ್ರೆಯ ಕಲ್ಲು ಬ್ರಾಹ್ಮಣರ ದತ್ತಿಯನ್ನೂ, ಮುಕ್ಕೊಡೆಯ ಕಲ್ಲು ಬಸದಿಯ ಭೂಮಿಯನ್ನೂ ಸೂಚಿಸುತ್ತಿದ್ದವು. ಅಕ್ಷರ ಬಾರದ ರೈತನೂ ಕೊಡೆಯ ಗುರುತನ್ನು ಕಂಡು ಈ ನೆಲ ಯಾರದೆಂದು ತಿಳಿಯುತ್ತಿದ್ದನು.

ಜೈನ ಪರಂಪರೆಯಲ್ಲಿ ಇದಕ್ಕೆ ಮತ್ತೊಂದು ಆಯಾಮವಿದೆ. ಲೋಕಸ್ವರೂಪವನ್ನು ನಿರೂಪಿಸುವ ಕರಣಾನುಯೋಗದ ಗ್ರಂಥಗಳು ಗಣಿತದ ಆಧಾರದ ಮೇಲೆಯೇ ನಿಂತಿವೆ. ಯತಿವೃಷಭರ ‘ತಿಲೋಯಪಣ್ಣತ್ತಿ’, ಸರ್ವನಂದಿಯ ‘ಲೋಕವಿಭಾಗ’, ಶ್ರವಣಬೆಳಗೊಳದ ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ‘ತ್ರಿಲೋಕಸಾರ’ ಇವು ಈ ಮಾಲೆಯ ಪ್ರಸಿದ್ಧ ಕೃತಿಗಳು. ಜಂಬೂದ್ವೀಪದ ವ್ಯಾಸ ಒಂದು ಲಕ್ಷ ಯೋಜನ. ಏಳು ಕ್ಷೇತ್ರಗಳೂ ಆರು ಕುಲಪರ್ವತಗಳೂ ಅದನ್ನು ವಿಭಾಗಿಸುತ್ತವೆ. ಭರತಕ್ಷೇತ್ರವನ್ನು ಒಂದು ಪಾಲೆಂದು ಎಣಿಸಿದರೆ ನಡುವಿನ ವಿದೇಹಕ್ಷೇತ್ರದವರೆಗೆ ಪ್ರತಿಯೊಂದರ ಅಗಲವೂ ಹಿಂದಿನದರ ಎರಡರಷ್ಟಾಗುತ್ತ ಹೋಗಿ, ಅನಂತರ ಅದೇ ಕ್ರಮದಲ್ಲಿ ಅರ್ಧವಾಗುತ್ತ ಬರುತ್ತದೆ. ಒಟ್ಟು ಪಾಲುಗಳು 190. ಆದುದರಿಂದ ಭರತಕ್ಷೇತ್ರದ ಅಗಲ 526 ಯೋಜನ ಮತ್ತು ಒಂದು ಯೋಜನದ 19ರಲ್ಲಿ 6 ಭಾಗ. ಇದು ಸರಪಣಿ ಹಿಡಿದು ಅಳೆದ ನೆಲವಲ್ಲ, ನಿಜ. ಆದರೆ ವಿಶಾಲವಾದ ದೇಶವನ್ನು ಪ್ರಮಾಣಬದ್ಧವಾಗಿ ಕಿರಿದುಗೊಳಿಸಿ ಬಟ್ಟೆಯ ಮೇಲೋ ಭಿತ್ತಿಯ ಮೇಲೋ ಬರೆಯಬಹುದೆಂಬ ಅರಿವು ಇಲ್ಲಿ ಸ್ಪಷ್ಟವಾಗಿದೆ. ಒಂಬತ್ತನೆಯ ಶತಮಾನದ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ ಕ್ಷೇತ್ರಗಣಿತಕ್ಕೆ ಪ್ರತ್ಯೇಕ ಪ್ರಕರಣವೇ ಇದೆ.

ಮೈಸೂರಿನ ನೆಲವನ್ನು ಅಳೆಯಲು ಬಂದವರಿಗೆ ಎದುರಾದದ್ದು ಈ ಸಿದ್ಧತೆಯುಳ್ಳ ಜನ. ಎಲ್ಲೆ, ಅಳತೆ, ಹೆಸರು, ದತ್ತಿ ಇವೆಲ್ಲ ಮೊದಲೇ ಬರೆದಿದ್ದವು. ಆ ಬರಹವನ್ನು ಓದಬಲ್ಲವರು ಬೇಕಾಗಿತ್ತು.

1799ರ ಅನಂತರ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪುಸುಲ್ತಾನ ಮಡಿದ ಬಳಿಕ ಅವನ ರಾಜ್ಯ ಹಂಚಿಹೋಯಿತು. ಕೆಲವು ಭಾಗ ಈಸ್ಟ್ ಇಂಡಿಯಾ ಕಂಪೆನಿಗೆ, ಕೆಲವು ನಿಜಾಮನಿಗೆ ಸೇರಿ, ಉಳಿದದ್ದು ಒಡೆಯರ ಮನೆತನಕ್ಕೆ ಮರಳಿತು. ಒಪ್ಪಂದದ ಕಾಗದದಲ್ಲಿ ತಾಲ್ಲೂಕುಗಳ ಹೆಸರಿದ್ದವು. ಆ ತಾಲ್ಲೂಕುಗಳು ಎಲ್ಲಿ ಮುಗಿದು ಎಲ್ಲಿ ಆರಂಭವಾಗುತ್ತವೆ ಎಂಬುದು ಮಾತ್ರ ಕಂಪೆನಿಯ ಅಧಿಕಾರಿಗಳಿಗೆ ಸ್ಪಷ್ಟವಿರಲಿಲ್ಲ. ಮೈಸೂರು ಸರ್ವೇಕ್ಷಣೆ ಹುಟ್ಟಿದ್ದು ಈ ರಾಜಕೀಯ ಅಗತ್ಯದಿಂದ.

ಅದೇ ವರ್ಷಗಳಲ್ಲಿ ಮೂವರು ಅಧಿಕಾರಿಗಳು ಈ ಸೀಮೆಯಲ್ಲಿ ಮೂರು ಬಗೆಯ ಶೋಧದಲ್ಲಿ ತೊಡಗಿದ್ದರು. ಫ್ರಾನ್ಸಿಸ್ ಬುಕನನ್ 1800 ಮತ್ತು 1801ರಲ್ಲಿ ಬೆಳೆ, ಕಸುಬು, ಜಾತಿ, ವ್ಯಾಪಾರಗಳ ವಿವರ ಕೂಡಿಸುತ್ತ ಸಂಚರಿಸಿದನು. ವಿಲಿಯಂ ಲ್ಯಾಂಬ್ಟನ್ 1800ರ ಕೊನೆಯ ತಿಂಗಳುಗಳಲ್ಲಿ ಬೆಂಗಳೂರಿನ ಬಳಿ ಸುಮಾರು ಏಳೂವರೆ ಮೈಲಿ ಉದ್ದದ ಆಧಾರರೇಖೆಯೊಂದನ್ನು ಅಳೆದನು. ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಒಯ್ದು, ಅಲ್ಲಿ ಸ್ವೀಕೃತವಾಗದೆ ಮರಳಿದ ವಸ್ತುಗಳಲ್ಲೊಂದಾದ ಉಕ್ಕಿನ ಸರಪಣಿ ಅವನ ಉಪಕರಣವಾಗಿತ್ತು. ಒಂದು ರೇಖೆಯನ್ನು ಅತ್ಯಂತ ನಿಖರವಾಗಿ ಅಳೆದುಕೊಂಡರೆ, ಅದರ ಎರಡು ತುದಿಗಳಿಂದ ದೂರದ ಬೆಟ್ಟವೊಂದರ ಕೋನಗಳನ್ನು ನೋಡಿ ಆ ಬೆಟ್ಟದ ದೂರವನ್ನು ಲೆಕ್ಕದಿಂದಲೇ ಪಡೆಯಬಹುದು. ಆ ತ್ರಿಕೋನದ ಬಾಹುವಿನ ಮೇಲೆ ಮತ್ತೊಂದು ತ್ರಿಕೋನ, ಅದರ ಮೇಲೆ ಇನ್ನೊಂದು, ಹೀಗೆ ದೇಶವನ್ನೆಲ್ಲ ಹೆಣೆಯಬಹುದು. 1802ರಲ್ಲಿ ಮದರಾಸಿನಲ್ಲಿ ಹೊಸ ಆಧಾರರೇಖೆ ಅಳೆದು, 1804ರಲ್ಲಿ ಬೆಂಗಳೂರಿನ ಬಳಿ ಮತ್ತೆ ಅಳತೆ ಮಾಡಿ ತಾಳೆ ನೋಡಿದಾಗ ಲೆಕ್ಕಕ್ಕೂ ಅಳತೆಗೂ ಬಂದ ವ್ಯತ್ಯಾಸ ಕೆಲವೇ ಅಂಗುಲ. ಮುಂದೆ ಹಿಮಾಲಯದವರೆಗೆ ಸಾಗಿದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯ ಬೀಜ ಇದು.

ಮೂರನೆಯವನು ಕಾಲಿನ್ ಮೆಕೆಂಜಿ. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟೋರ್ನೋವೇಯವನು, ಜನನ 1754. ಲಾಗರಿದಮ್ ಕಂಡುಹಿಡಿದ ಜಾನ್ ನೇಪಿಯರನ ಚರಿತ್ರೆಯನ್ನು ಬರೆಯಿಸಲು ಉದ್ಯುಕ್ತವಾಗಿದ್ದ ಅದೇ ವಂಶದವರಿಗಾಗಿ ಹಿಂದೂ ಗಣಿತದ ವಿಷಯ ಸಂಗ್ರಹಿಸುತ್ತಿದ್ದ ಅವನ ಆಸಕ್ತಿ ಭಾರತದತ್ತ ತಿರುಗಿತು. 1783ರಲ್ಲಿ ಮದರಾಸಿಗೆ ಬಂದು ಎಂಜಿನಿಯರನಾಗಿ ಸೇವೆ ಸಲ್ಲಿಸಿದನು. ಮೈಸೂರು ಯುದ್ಧಗಳಲ್ಲಿಯೂ ಇದ್ದನು. 1799ರಲ್ಲಿ ಮೈಸೂರು ಸರ್ವೇಕ್ಷಣೆಯ ಹೊಣೆ ಅವನಿಗೆ ಬಂತು.

ಮೊದಲು ಹೊಸ ಗಡಿಗಳು, ಅನಂತರ ಒಳನಾಡು ಎಂಬ ಕ್ರಮದಲ್ಲಿ ಕೆಲಸ ನಡೆಯಿತು. ಜಾನ್ ಮಾಥರ್, ಥಾಮಸ್ ಆರ್ಥರ್ ಮೊದಲಾದವರು ಜೊತೆಗಿದ್ದರು. 1794ರಲ್ಲಿ ಆರಂಭವಾದ ಮದರಾಸಿನ ಸರ್ವೇ ಶಾಲೆಯಲ್ಲಿ ಕಲಿತ ಹುಡುಗರೂ ದುಡಿದರು. ಹಣ ಕಡಿಮೆ, ಜ್ವರ ಹೆಚ್ಚು. ಸುಮಾರು 40,000 ಚದರ ಮೈಲಿಗಳ ಪ್ರದೇಶ ನಕ್ಷೆಗೆ ಬಂದಿತು. ಅದರ ಫಲವಾಗಿ ಏಳು ಬೃಹತ್ ಸಂಪುಟಗಳ ವಿವರಣೆ, ಒಂದು ಸಮಗ್ರ ನಕ್ಷೆ ಮತ್ತು ಪ್ರಾಂತವಾರು ನಕ್ಷೆಗಳು ಸಿದ್ಧವಾದವು. ಲ್ಯಾಂಬ್ಟನ್ ಭೂಮಿಯ ಆಕಾರವನ್ನು ಹುಡುಕುತ್ತಿದ್ದನು. ಮೆಕೆಂಜಿಗೆ ಬೇಕಾಗಿದ್ದುದು ಊರು. ಅದರ ಹೆಸರು, ಕೆರೆ, ಮನೆಗಳ ಸಂಖ್ಯೆ, ಹಿಂದಿನ ಪಾಳೆಯಗಾರ, ದೇವಸ್ಥಾನದ ದತ್ತಿ, ಕಲ್ಲಿನ ಬರಹ ಇವೆಲ್ಲ ಅವನಿಗೆ ನಕ್ಷೆಯ ಭಾಗವೇ ಆಗಿದ್ದವು.

ಅಕ್ಷರ ಬಲ್ಲವರು

ಇಷ್ಟನ್ನೂ ಬಯಸಿದ ಮೆಕೆಂಜಿಗೆ ಇಲ್ಲಿಯ ಭಾಷೆಗಳು ಬರುತ್ತಿರಲಿಲ್ಲ. 1817ರಲ್ಲಿ ಸರ್ ಅಲೆಕ್ಸಾಂಡರ್ ಜಾನ್‌ಸ್ಟನ್ನನಿಗೆ ಬರೆದ ದೀರ್ಘ ಪತ್ರದಲ್ಲಿ ಅವನು ಇದನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾನೆ. ಆ ಕೊರತೆಯನ್ನು ತುಂಬಿದವರಲ್ಲಿ ಕಾವಲಿ ಸೋದರರು ಮೊದಲಿಗರು. ತೆಲುಗು ನಿಯೋಗಿ ಬ್ರಾಹ್ಮಣರಾದ ಇವರಲ್ಲಿ ಹಿರಿಯನಾದ ಕಾವಲಿ ವೆಂಕಟ ಬೋರಯ್ಯ ಬಹುಭಾಷಾ ಪಂಡಿತ, ಚತುರ. ಊರಿಗೆ ಹೋದ ಕೂಡಲೇ ಶಾನುಭೋಗ, ಪುರೋಹಿತ, ಗೌಡರ ವಿಶ್ವಾಸ ಗಳಿಸಿ ಕಡತಗಳನ್ನು ಹೊರತೆಗೆಸುವ ಜಾಣ್ಮೆ ಅವನದು. 1803ರಲ್ಲಿ ಅವನು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡಾಗ ತಮ್ಮ ಲಕ್ಷ್ಮಯ್ಯ ಆ ಸ್ಥಾನಕ್ಕೆ ಬಂದು ಕೊನೆಯವರೆಗೂ ಕೆಲಸವನ್ನು ನಡೆಸಿದನು.

ಕಾವಲಿ ಸೋದರರಿಗೆ ತೆಲುಗು, ಸಂಸ್ಕೃತ, ಇಂಗ್ಲಿಷ್ ಸುಲಭವಾಗಿದ್ದವು. ಮೈಸೂರು ಸೀಮೆಯ ಬಹುಪಾಲು ಶಾಸನಗಳು ಇದ್ದುದು ಹಳಗನ್ನಡದಲ್ಲಿ. ಆ ಲಿಪಿಯನ್ನೂ ಭಾಷೆಯನ್ನೂ ಓದಬಲ್ಲವರು 1800ರ ಹೊತ್ತಿಗೆ ವಿರಳವಾಗಿದ್ದರು. ಬಸದಿಗಳ ಭಂಡಾರಗಳಲ್ಲಿ ತಾಳೆಗರಿಗಳನ್ನು ಪ್ರತಿಮಾಡುತ್ತ, ಪಂಪ ರನ್ನರನ್ನು ಬಿಡದೆ ಓದುತ್ತ ಬಂದ ಜೈನ ಪಂಡಿತ ಮನೆತನಗಳಲ್ಲಿ ಆ ವಿದ್ಯೆ ಉಳಿದಿತ್ತು. ಹೀಗಾಗಿ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಸರ್ವೇಕ್ಷಣೆಗೆ ಅನಿವಾರ್ಯನಾದನು. ಇಂದಿನ ಚಾಮರಾಜನಗರ ತಾಲ್ಲೂಕಿನ ಮಲೆಯೂರು, ಪೂಜ್ಯಪಾದಾಚಾರ್ಯರ ಸ್ಮೃತಿಯೊಂದಿಗೆ ಬೆಸೆದಿರುವ ಕನಕಗಿರಿ ಕ್ಷೇತ್ರದ ಊರು. ಆ ಬೆಟ್ಟದಡಿಯ ಪಾಂಡಿತ್ಯ ಕಂಪೆನಿಯ ಡೇರೆಯೊಳಕ್ಕೆ ಬಂದದ್ದು ಕನ್ನಡ ಶಾಸನಾಧ್ಯಯನದ ಇತಿಹಾಸದಲ್ಲಿ ಸಣ್ಣ ಘಟನೆಯಲ್ಲ. ಬಿ. ಎಲ್. ರೈಸರ ‘ಎಪಿಗ್ರಾಫಿಯ ಕರ್ನಾಟಿಕ’ದ ಮೊದಲ ಸಂಪುಟ ಬಂದದ್ದು 1886ರಲ್ಲಿ. ಅದಕ್ಕೆ ಎಂಟು ದಶಕಗಳ ಮುಂಚೆಯೇ ಧರ್ಮಯ್ಯ ಕಲ್ಲುಗಳ ಮುಂದೆ ಕುಳಿತು ಓದುತ್ತಿದ್ದನು.

ಜೈನಧರ್ಮವೆಂಬುದು ಬೌದ್ಧಧರ್ಮದ ಕವಲಲ್ಲ, ಸ್ವತಂತ್ರವಾದ ಜೀವಂತ ಪರಂಪರೆ ಎಂಬ ಅರಿವು ಯುರೋಪಿನ ವಿದ್ವಾಂಸರಿಗೆ ಮೂಡತೊಡಗಿದ ಹಾದಿಯಲ್ಲಿಯೂ ಈ ಸರ್ವೇಕ್ಷಣೆಯ ಪಾಲಿದೆ. ‘ಏಷ್ಯಾಟಿಕ್ ರಿಸರ್ಚಸ್’ ಪತ್ರಿಕೆಯ 1807ರ ಒಂಬತ್ತನೆಯ ಸಂಪುಟದಲ್ಲಿ ಜೈನರನ್ನು ಕುರಿತ ಒಂದು ವೃತ್ತಾಂತ ಅಚ್ಚಾಯಿತು. ಜೈನ ಗುರುವೊಬ್ಬರಿಂದ ಕೇಳಿ ಬರೆದುಕೊಂಡು, ಬೋರಯ್ಯ ಮೆಕೆಂಜಿಗಾಗಿ ಇಂಗ್ಲಿಷಿಗೆ ತಂದದ್ದು ಅದು. ಅದೇ ಸಂಪುಟದಲ್ಲಿ ಬುಕನನ್ ಸಂಗ್ರಹಿಸಿದ ವಿವರಗಳೂ ಕೋಲ್‌ಬ್ರುಕ್ಕನ ಪ್ರಸಿದ್ಧ ಲೇಖನವೂ ಇವೆ. ಆ ವೃತ್ತಾಂತದ ತಲೆಬರಹದಲ್ಲಿ ಗುರುವಿನ ಊರು ‘ಮುದ್ಗೇರಿ’ ಎಂದಾಗಿದೆ. ಇಂಗ್ಲಿಷ್ ಕಾಗುಣಿತದಲ್ಲಿ ಹಾದುಬಂದ ಕನ್ನಡದ ಊರುಗಳ ಪಾಡು ಇದು. ಚಿತ್ರದುರ್ಗ ‘ಚಿಟ್ಲ್‌ಡ್ರೂಗ್’ ಆಯಿತು, ಸಾವನದುರ್ಗ ‘ಸೆವರ್ನ್‌ಡ್ರೂಗ್’ ಆಯಿತು, ಶ್ರೀರಂಗಪಟ್ಟಣ ‘ಸೆರಿಂಗಪಟಮ್’ ಆಯಿತು. ಹೆಸರಿನೊಳಗಿನ ಅರ್ಥ ಬಲ್ಲವನು ಜೊತೆಗಿಲ್ಲದಿದ್ದರೆ ನಕ್ಷೆಯಲ್ಲಿ ಬಿಂದುವೊಂದು ಉಳಿಯುತ್ತದೆ, ಊರು ಉಳಿಯುವುದಿಲ್ಲ.

ಕನಕಗಿರಿಯವನೇ ಆದ ದೇವಚಂದ್ರನ ಪ್ರಸಂಗವನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. 1770ರಲ್ಲಿ ಹುಟ್ಟಿದ ಈ ಕವಿಗೆ 1804ರಲ್ಲಿ ಮೆಕೆಂಜಿಯ ಸಂಪರ್ಕವಾಯಿತು. ಸ್ಥಳದ ಪೂರ್ವವೃತ್ತಾಂತವನ್ನು ಕೇಳಿದ ಸರ್ವೇಕ್ಷಕನಿಗೆ ಅವನು ಅದನ್ನು ಒದಗಿಸಿದನು. ಪುರಾಣ, ಗುರುಪರಂಪರೆ, ರಾಜವಂಶಗಳನ್ನು ಒಂದು ಸೂತ್ರದಲ್ಲಿ ಪೋಣಿಸಿ ಹೇಳಬೇಕೆಂಬ ಪ್ರೇರಣೆಗೆ ಆ ಭೇಟಿಯೂ ಒಂದು ಕಾರಣ. ಅದು ಮೈಸೂರು ಅರಮನೆಯ ರಾಣಿವಾಸದ ಅಪೇಕ್ಷೆಯೊಂದಿಗೆ ಕೂಡಿ, ಮೂರು ದಶಕಗಳ ಬಳಿಕ ‘ರಾಜಾವಳಿ ಕಥೆ’ಯಾಗಿ ಫಲಿಸಿತು. ಪುರಾಣಕಾಲದಿಂದ ಮೈಸೂರು ಅರಸರವರೆಗಿನ ಆ ಗದ್ಯಕೃತಿಯನ್ನು ಇತಿಹಾಸವೆಂದು ಪೂರ್ತಿ ನಂಬಲು ಬರುವುದಿಲ್ಲ. ಆದರೂ ಅದಿಲ್ಲದೆ ಕನ್ನಡ ಜೈನ ಕವಿಗಳ ಚರಿತ್ರೆಯನ್ನು ಬರೆಯಲು ಬರುವುದಿಲ್ಲ. ನೆಲದ ನಕ್ಷೆ ಬರೆಯಲು ಬಂದವನ ಪ್ರಶ್ನೆಯೊಂದು ಕನ್ನಡಕ್ಕೆ ಕಾಲದ ನಕ್ಷೆಯೊಂದನ್ನು ತಂದುಕೊಟ್ಟಿತು.

ಈ ಕೂಡುಕೆಲಸದ ಚಿತ್ರವೊಂದು ಉಳಿದಿದೆ. 1816ರಲ್ಲಿ ಥಾಮಸ್ ಹಿಕಿ ಬರೆದ, ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ವರ್ಣಚಿತ್ರ ಅದು. ಕೆಂಪು ಸಮವಸ್ತ್ರದ ಮೆಕೆಂಜಿಯ ಸುತ್ತ ಮೂವರು ಭಾರತೀಯರಿದ್ದಾರೆ. ಒಬ್ಬನ ಕೈಯಲ್ಲಿ ದೂರದರ್ಶಕ, ಮತ್ತೊಬ್ಬನ ಕೈಯಲ್ಲಿ ತಾಳೆಗರಿ. ತಾಳೆಗರಿ ಹಿಡಿದವನನ್ನು ಧರ್ಮಯ್ಯನೆಂದು ವಿದ್ವಾಂಸರು ಗುರುತಿಸಿದ್ದಾರೆ. ಹಿನ್ನೆಲೆಯ ಬೆಟ್ಟದಲ್ಲಿ ಕಾರ್ಕಳದ ಗೊಮ್ಮಟ ನಿಂತಿದ್ದಾನೆ, ಅಲ್ಲಿಯೇ ಸರ್ವೇಕ್ಷಣೆಯ ಸಂಕೇತಕಂಬವೂ ಎದ್ದಿದೆ. ದೂರದರ್ಶಕ ಮತ್ತು ತಾಳೆಗರಿ ಎರಡೂ ಸೇರಿದಾಗಲೇ ಮೈಸೂರಿನ ನಕ್ಷೆ ಆದದ್ದು ಎಂಬುದನ್ನು ಚಿತ್ರಕಾರ ಕಂಡಿದ್ದನು. ಮುಂದೆ ಬಂದ ಅಧಿಕಾರಿಗಳು ಅದನ್ನು ಕಾಣಲಿಲ್ಲ.

ತಿರಸ್ಕೃತವಾದ ಅರ್ಜಿ

ಮೆಕೆಂಜಿ 1815ರಲ್ಲಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದನು. 1821ರ ಮೇ 8ರಂದು ತೀರಿಕೊಂಡನು. ಅವನ ಸಂಗ್ರಹವನ್ನು ಕಂಪೆನಿಯ ಸರ್ಕಾರ ಅವನ ಪತ್ನಿಯಿಂದ ಒಂದು ಲಕ್ಷ ರೂಪಾಯಿಗೆ ಕೊಂಡಿತು. 1828ರಲ್ಲಿ ಎಚ್. ಎಚ್. ವಿಲ್ಸನ್ ಪ್ರಕಟಿಸಿದ ಸೂಚಿಯ ಪ್ರಕಾರ ಅದರಲ್ಲಿ 1,568 ಸಾಹಿತ್ಯಕೃತಿಗಳ ಹಸ್ತಪ್ರತಿಗಳು, 2,070 ಸ್ಥಳೀಯ ವೃತ್ತಾಂತಗಳು, 8,076 ಶಾಸನಪ್ರತಿಗಳು, 2,630 ಚಿತ್ರಗಳು, 6,218 ನಾಣ್ಯಗಳು ಇದ್ದವು. ನಕ್ಷೆಗಳ ಸಂಖ್ಯೆ 79. ದೇಶದ ಶ್ರೇಷ್ಠ ಸರ್ವೇಕ್ಷಕನೊಬ್ಬನ ಖಾಸಗಿ ಸಂಗ್ರಹದಲ್ಲಿ ಒಂದು ನಕ್ಷೆಗೆ ನೂರು ಶಾಸನಗಳ ಲೆಕ್ಕ. ಸರ್ಕಾರಕ್ಕೆ ಒಪ್ಪಿಸಿದ ನಕ್ಷೆಗಳು ಇದರ ಹೊರಗಿನವು. ಆದರೂ ಅವನು ಯಾವುದನ್ನು ಜೀವನದ ಗಳಿಕೆಯೆಂದು ಕೂಡಿಟ್ಟನೆಂಬುದನ್ನು ಈ ಅಂಕಿಗಳೇ ಹೇಳುತ್ತವೆ.

ಆ ಬಳಿಕ ಸಂಗ್ರಹ ಒಡೆಯಿತು. ನಕ್ಷೆ, ಚಿತ್ರ, ಅನುವಾದಗಳ ದೊಡ್ಡ ಭಾಗ ಲಂಡನ್ನಿಗೆ ಹೋಯಿತು. ಕನ್ನಡ, ತೆಲುಗು, ತಮಿಳು ಕೈಫಿಯತ್ತುಗಳು ಮದರಾಸಿಗೆ ಬಂದು ಮುಂದೆ ಅಲ್ಲಿಯ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರದಲ್ಲಿ ನೆಲೆನಿಂತವು. ಒಂದೇ ಡೇರೆಯಲ್ಲಿ, ಒಂದೇ ದೀಪದಡಿ ಸಿದ್ಧವಾದ ಗೆರೆ ಮತ್ತು ಅಕ್ಷರ ಎರಡು ಖಂಡಗಳಿಗೆ ಹಂಚಿಹೋದವು.

1830ರ ದಶಕದಲ್ಲಿ ಕಾವಲಿ ಲಕ್ಷ್ಮಯ್ಯ ಸರ್ಕಾರಕ್ಕೆ ಒಂದು ಅರ್ಜಿ ಸಲ್ಲಿಸಿದನು. ಮೆಕೆಂಜಿಯ ಶೋಧವನ್ನು ಮುಂದುವರಿಸಲು, ಸಂಗ್ರಹವನ್ನು ಕ್ರಮಪಡಿಸಲು ತನಗೆ ಅವಕಾಶ ಕೊಡಬೇಕೆಂಬುದು ಅದರ ಸಾರ. ಮೂರು ದಶಕಗಳಿಗೂ ಮಿಗಿಲಾಗಿ ಆ ಕಾಗದಗಳ ನಡುವೆಯೇ ಬದುಕಿದವನು ಅವನು. ಕೆಲವು ವೃತ್ತಾಂತಗಳನ್ನು ಬರೆಸಿದ ಮುದುಕರ ಮುಖ ಕೂಡ ಅವನಿಗೆ ನೆನಪಿರಬಹುದಾಗಿತ್ತು. ಅರ್ಜಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಅಭಿಪ್ರಾಯಕ್ಕೆ ಹೋಯಿತು. ಬ್ರಾಹ್ಮಿ ಲಿಪಿಯ ಬೀಗ ತೆರೆದ ಜೇಮ್ಸ್ ಪ್ರಿನ್ಸೆಪ್ ಆಗ ಅದರ ಕಾರ್ಯದರ್ಶಿ. ದೇಶೀಯರು ಇಂಥ ಶೋಧದಲ್ಲಿ ಸಹಾಯಕರಾಗಿ ಉಪಯುಕ್ತರಾಗಬಹುದು, ಸ್ವತಂತ್ರವಾಗಿ ಇದನ್ನು ನಡೆಸುವ ಅರ್ಹತೆ ಅವರಿಗಿಲ್ಲ ಎಂಬ ಅರ್ಥದ ಅಭಿಪ್ರಾಯ ಬಂದಿತು. ಕೆಲಸ ಪಾದ್ರಿ ವಿಲಿಯಂ ಟೇಲರನಿಗೆ ಸೇರಿತು. ಟೇಲರ್ ಶ್ರಮಜೀವಿ. ಜೀರ್ಣವಾಗುತ್ತಿದ್ದ ಕಾಗದಗಳನ್ನು ಪ್ರತಿಮಾಡಿಸಿ ಉಳಿಸಿದ ಕೀರ್ತಿ ಅವನಿಗೆ ಸಲ್ಲಬೇಕು. ಆದರೆ ಊರೂರು ತಿರುಗಿ ಅವನ್ನು ಕೂಡಿಸಿದವನ ಅನುಭವಕ್ಕೆ ಅದು ಬದಲಿಯಾಗಲಿಲ್ಲ.

ಇಂದಿನ ಮಾತಿನಲ್ಲಿ ಹೇಳುವುದಾದರೆ ಲಕ್ಷ್ಮಯ್ಯ ಕೇಳಿದ್ದು ಒಂದು ಸಂಶೋಧನ ವೃತ್ತಿಯನ್ನು. ಸಂಗ್ರಹದ ಪಕ್ಕದಲ್ಲಿ ಕುಳಿತು ಕೆಲಸ ಮಾಡುವ ಅವಕಾಶ, ಅದಕ್ಕೊಂದು ಸಂಬಳ, ತನ್ನ ಹೆಸರಿನಲ್ಲಿಯೇ ಬರೆಯುವ ಹಕ್ಕು. ನಿರಾಕರಣೆಯಿಂದ ಅವನೊಬ್ಬನಿಗೇ ನಷ್ಟವಾಗಲಿಲ್ಲ. ಕನ್ನಡ ಕೈಫಿಯತ್ತುಗಳು ವ್ಯವಸ್ಥಿತವಾಗಿ ಒಂದೆಡೆ ಅಚ್ಚಾಗಿ ಕನ್ನಡಿಗರ ಕೈಗೆ ಬಂದದ್ದು 1994ರಲ್ಲಿ, ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ. ನಡುವೆ ಒಂದೂವರೆ ಶತಮಾನ ಕಳೆದಿತ್ತು.

ಒಂದು ರಸ್ತೆಯ ಐದು ನಕ್ಷೆಗಳು

ಗೆರೆ ಮತ್ತು ಅಕ್ಷರಗಳನ್ನು ಜೊತೆಯಾಗಿ ಓದಿದರೆ ಏನು ದೊರೆಯುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಮಲ್ಲೇಶ್ವರದ ಸಂಪಿಗೆ ರಸ್ತೆಯನ್ನೇ ತೆಗೆದುಕೊಳ್ಳಬಹುದು.

ಆ ರಸ್ತೆಗೆ ಸಮೀಪದ ಕಾಡು ಮಲ್ಲೇಶ್ವರ ದೇವಾಲಯಕ್ಕೆ ಸಂಬಂಧಿಸಿದ 1669ರ ಶಾಸನವಿದೆ. ಶಿವಾಜಿಯ ಮಲಸೋದರ ಏಕೋಜಿ, ಮಲ್ಲಪುರದ ದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿಯಾಗಿ ಬಿಟ್ಟದ್ದನ್ನು ಅದು ಹೇಳುತ್ತದೆ. ಇದು ಮೊದಲನೆಯ ನಕ್ಷೆ. ಇದರ ಪ್ರಶ್ನೆ, ಈ ನೆಲ ಯಾರಿಗೆ ಸಲ್ಲಬೇಕು ಎಂಬುದು. 1791ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸನ ಸೇನೆ ಬೆಂಗಳೂರನ್ನು ಮುತ್ತಿದಾಗ ಬರೆದ ನಕ್ಷೆಗಳು ಎರಡನೆಯವು. ಪೇಟೆ, ಕೋಟೆ, ಕಂದಕ, ಫಿರಂಗಿಗಳ ನೆಲೆ ಅವುಗಳಲ್ಲಿ ಮುಖ್ಯ. ರಾಬರ್ಟ್ ಹೋಮ್ 1794ರಲ್ಲಿ ಪ್ರಕಟಿಸಿದ ಮೈಸೂರಿನ ಚಿತ್ರಸಂಪುಟದಲ್ಲಿ ಬೆಂಗಳೂರಿನ ನಕ್ಷೆಯೂ ಇದೆ. ಎಲ್ಲಿಂದ ಗುಂಡು ಹಾರಿಸಬೇಕು ಎಂಬುದು ಆ ಕಾಲದ ಪ್ರಶ್ನೆ. ಮೆಕೆಂಜಿಯ ಸರ್ವೇಕ್ಷಣೆಯದು ಮೂರನೆಯದು. ಸೀಮೆಯಲ್ಲಿ ಊರೆಷ್ಟು, ಕೆರೆಯೆಷ್ಟು, ಇದು ಯಾವ ತಾಲ್ಲೂಕಿಗೆ ಸೇರಿದ್ದು ಎಂದು ಅದು ಕೇಳಿತು.

1898ರಲ್ಲಿ ಪ್ಲೇಗ್ ಮಾರಿ ಪೇಟೆಯ ಇಕ್ಕಟ್ಟಾದ ಓಣಿಗಳನ್ನು ಹೊಕ್ಕ ಕಾಲಕ್ಕೆ ನಾಲ್ಕನೆಯ ನಕ್ಷೆ ನೆಲಕ್ಕಿಳಿಯಿತು. ಗಾಳಿ ಬೆಳಕು ಬರುವ ನೇರ ಬೀದಿಗಳು, ಲಂಬವಾಗಿ ಹಾಯುವ ಅಡ್ಡರಸ್ತೆಗಳು, ಸಮನಾದ ನಿವೇಶನಗಳು. ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಹೀಗೆ ಬೆಳೆದವು. ಉದ್ದನೆಯ ಬೀದಿಗಳಿಗೆ ಸಂಪಿಗೆ, ಮಾರ್ಗೋಸಾ ಎಂದು ಮರಗಳ ಹೆಸರು ಬಂದರೆ ಅಡ್ಡರಸ್ತೆಗಳಿಗೆ ಬರಿಯ ಅಂಕಿ. ಐದನೆಯದು ಮೆಟ್ರೊ ರೈಲಿನ ಪಟ. 2014ರಲ್ಲಿ ಆರಂಭವಾದ ನಿಲ್ದಾಣ ‘ಸಂಪಿಗೆ ರಸ್ತೆ’ ಎಂಬ ಹೆಸರನ್ನು ವಾಣಿಜ್ಯ ಸಂಕೀರ್ಣವೊಂದರ ಹೆಸರಿನ ಜೊತೆಗೆ ಹೊತ್ತಿದೆ. ಅದರಲ್ಲಿ ದೂರವೂ ಮುಖ್ಯವಲ್ಲ, ದಿಕ್ಕೂ ಮುಖ್ಯವಲ್ಲ, ಎಲ್ಲಿ ಇಳಿಯಬೇಕು ಎಂಬುದೊಂದೇ ಮುಖ್ಯ.

ಈ ಐದರಲ್ಲಿ ನಾಲ್ಕು ಗೆರೆಯವು, ಮೊದಲನೆಯದೊಂದೇ ಅಕ್ಷರದ್ದು. ‘ಮಲ್ಲೇಶ್ವರ’ ಎಂಬ ಹೆಸರು ಏಕೆ ಬಂತೆಂದು ಕೇಳಿದರೆ ನಾಲ್ಕು ಗೆರೆಯ ನಕ್ಷೆಗಳೂ ಉತ್ತರಿಸವು. ಬಡಾವಣೆಗಿಂತ ಮೊದಲು ಇಲ್ಲಿ ಮಲ್ಲಪುರವಿತ್ತು, ಅದಕ್ಕೊಂದು ದೇವರಿತ್ತು, ಆ ದೇವರಿಗೆ ದತ್ತಿಯಾದ, ಇಂದು ನಗರದೊಳಗೆ ಕರಗಿಹೋದ ಹಳ್ಳಿಯಿತ್ತು ಎಂಬುದನ್ನು ಹೇಳುವುದು ಶಾಸನ. ಇತ್ತ ಶಾಸನವೊಂದನ್ನೇ ಹಿಡಿದು ಹೊರಟರೆ ಮೇದರನಿಂಗನಹಳ್ಳಿಯ ಎಲ್ಲೆ ಇಂದಿನ ಯಾವ ಬೀದಿಯಲ್ಲಿ ಹಾಯುತ್ತದೆಂದು ತಿಳಿಯದು. ಅದಕ್ಕೆ ಹಳೆಯ ಸರ್ವೇ ಪಟಗಳ ನೆರವು ಬೇಕು. ಮಿಥಿಕ್ ಸೊಸೈಟಿ ಈಚಿನ ವರ್ಷಗಳಲ್ಲಿ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ, ಅವುಗಳ ಸ್ಥಾನವನ್ನು ನಕ್ಷೆಯ ಮೇಲೆ ಗುರುತಿಸುತ್ತಿರುವುದು ಈ ದಿಕ್ಕಿನ ಬೆಲೆಯುಳ್ಳ ಕೆಲಸ.

ಆಗಬೇಕಾದುದು

ಭೂಪಟ ಚರಿತ್ರೆಯ ವೃತ್ತಿಗಳು ಲಂಡನ್, ಪ್ರಾವಿಡೆನ್ಸ್, ಷಿಕಾಗೋಗಳಲ್ಲಿರುವುದು ಸಹಜ. ನಕ್ಷೆಗಳು ಅಲ್ಲಿವೆ. ಆದರೆ ಮೈಸೂರು ಸರ್ವೇಕ್ಷಣೆಯನ್ನು ಅರಿಯಲು ಅಲ್ಲಿಯ ಗೆರೆಗಳು ಸಾಲವು. ಅಲ್ಲಿಗೆ ಹೋಗುವ ವಿದ್ವಾಂಸನಿಗೆ ಸಾಮಾನ್ಯವಾಗಿ ಕನ್ನಡ ಬಾರದು. ಕನ್ನಡ ಕೈಫಿಯತ್ತು ಓದಬಲ್ಲವನಿಗೆ ಆ ನಕ್ಷೆಗಳನ್ನು ಕಾಣುವ ಅವಕಾಶವಿಲ್ಲ. ಹೀಗಾಗಿ ನಕ್ಷೆಯ ಚರಿತ್ರಕಾರರು ಒಂದು ಕಡೆ, ಶಾಸನತಜ್ಞರು ಮತ್ತೊಂದು ಕಡೆ ನಿಂತು ಒಂದೇ ವಸ್ತುವಿನ ಅರ್ಧರ್ಧವನ್ನು ವರ್ಣಿಸುತ್ತಿದ್ದಾರೆ. ಅನೇಕಾಂತವನ್ನು ಬೋಧಿಸುವಾಗ ಹೇಳುವ ಆನೆ ಮತ್ತು ಕುರುಡರ ದೃಷ್ಟಾಂತ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ.

ಬೆಂಗಳೂರಿನಲ್ಲಿಯೇ ಇಂಥ ಒಂದು ನಿವಾಸಿ ವೃತ್ತಿ ಏರ್ಪಡಬೇಕು. ರಾಜ್ಯ ಪತ್ರಾಗಾರ, 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿ, 1915ರ ಕನ್ನಡ ಸಾಹಿತ್ಯ ಪರಿಷತ್ತು ಇವೆಲ್ಲ ಒಂದೇ ನಗರದಲ್ಲಿವೆ. ಲಂಡನ್ನಿನ ನಕ್ಷೆಗಳ ಪ್ರತಿರೂಪಗಳನ್ನು ತರಿಸಿಕೊಳ್ಳುವುದು ಇಂದಿನ ದಿನಗಳಲ್ಲಿ ಅಸಾಧ್ಯವಲ್ಲ. ಅದಕ್ಕೆ ಆಯ್ಕೆಯಾಗುವವರಿಗೆ ಹಳಗನ್ನಡ ಓದಲು ಬರಬೇಕು, ಮರಾಠಿ ದಫ್ತರಗಳ ಮೋಡಿ ಲಿಪಿಯ ಪರಿಚಯವಿರಬೇಕು, ತ್ರಿಕೋನಮಿತಿಯ ತತ್ತ್ವ ತಿಳಿದಿರಬೇಕು. ವರ್ಷದಲ್ಲಿ ಕೆಲವು ತಿಂಗಳು ಮೇಜಿನ ಮುಂದೆ, ಕೆಲವು ತಿಂಗಳು ಹೊಲದಲ್ಲಿ ಕಳೆಯಬೇಕು. ಎಲ್ಲ ವಿದ್ಯೆಗಳೂ ಒಬ್ಬನಲ್ಲಿಯೇ ಇರಬೇಕೆಂದು ಹಟ ಹಿಡಿಯಬೇಕಾಗಿಲ್ಲ. ಮೆಕೆಂಜಿಯ ಡೇರೆಯಲ್ಲಿಯೂ ಇರಲಿಲ್ಲ. ಅಲ್ಲಿ ಇದ್ದುದು ಜೊತೆಯಾಗಿ ಕುಳಿತುಕೊಳ್ಳುವ ಏರ್ಪಾಡು.

ಅಂದಿನ ಏರ್ಪಾಡಿನಲ್ಲಿ ಒಂದು ಕೊರತೆಯಿತ್ತು. ಧರ್ಮಯ್ಯನ ಓದು ಮೆಕೆಂಜಿಯ ಹೆಸರಿನ ಕಡತದೊಳಗೆ ಸೇರಿಹೋಯಿತು. ಅವನದೇ ಹೆಸರಿನ ಗ್ರಂಥವೊಂದು ಉಳಿಯಲಿಲ್ಲ. ಹೊಸದಾಗಿ ಏರ್ಪಡುವ ವೃತ್ತಿಯಲ್ಲಿ ಓದಿದವನ ಹೆಸರು ಅಳೆದವನ ಹೆಸರಿನ ಪಕ್ಕದಲ್ಲಿಯೇ, ಅದೇ ಗಾತ್ರದ ಅಕ್ಷರಗಳಲ್ಲಿ ಇರಬೇಕು. ಲಕ್ಷ್ಮಯ್ಯನ ಅರ್ಜಿಗೆ ಸಲ್ಲಬೇಕಾದ ಉತ್ತರ ಅದು.